ಒಂದೇ ಕೋಣೆ, ಐದು ಮನೆಮಾತು: ಜಿದ್ದಾದ ಮಕ್ಕಳಿಗೆ ಕನ್ನಡ ಪಾಠ ಕಟ್ಟುವ ಬಗೆ

ಜಿದ್ದಾದ ಕನ್ನಡ ತರಗತಿ ಎಂದಾಗ ಶಾಲೆಯ ಕಟ್ಟಡ, ಗಂಟೆ, ಬೆಂಚು ಎಂದು ಯಾರೂ ಕಲ್ಪಿಸಿಕೊಳ್ಳಬೇಕಾಗಿಲ್ಲ. ಅಝೀಝಿಯಾದಲ್ಲೋ ಶರಫಿಯಾದಲ್ಲೋ ಯಾರದಾದರೂ ಫ್ಲಾಟಿನ ಮಜ್ಲಿಸ್, ಗೋಡೆಗೆ ಒರಗಿಸಿಟ್ಟ ಒಂದು ಬಿಳಿ ಬೋರ್ಡು, ಶುಕ್ರವಾರ ಅಸರ್ ನಮಾಜು ಮುಗಿದ ಮೇಲೆ ಸಿಗುವ ಒಂದೂವರೆ ಗಂಟೆ. ಇಷ್ಟೇ ನಮ್ಮ ಶಾಲೆ. ಕಲಿಸುವವರು ವಾರವಿಡೀ ಕಂಪನಿಯಲ್ಲಿ ಲೆಕ್ಕ ಬರೆಯುವವರು, ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಬರುವ ನರ್ಸ್‌ಗಳು, ಮನೆ ನೋಡಿಕೊಳ್ಳುವ ತಾಯಂದಿರು. ಬಿ.ಇಡಿ. ಮಾಡಿದವರೊಬ್ಬರು ಸಿಕ್ಕರೆ ಅದು ನಮ್ಮ ಅದೃಷ್ಟ.

ಆ ಕೋಣೆಯಲ್ಲಿ ಕೂರುವ ಮಕ್ಕಳನ್ನು ನೋಡಿ. ಮಂಗಳೂರು, ಬಂಟ್ವಾಳ ಕಡೆಯ ಮಗು ಮನೆಯಲ್ಲಿ ಬ್ಯಾರಿ ಮಾತನಾಡುತ್ತದೆ. ಭಟ್ಕಳದ ಮಗುವಿನ ಮನೆಮಾತು ನವಾಯತಿ. ಕಲಬುರಗಿ, ಬೀದರ್, ಬೆಂಗಳೂರಿನಿಂದ ಬಂದ ಮನೆಗಳಲ್ಲಿ ದಖನಿ ಉರ್ದು. ಉಡುಪಿ ಕಡೆಯ ಮಗುವಿಗೆ ತುಳು. ಇವರೆಲ್ಲರ ನಡುವೆ ಮನೆಯಲ್ಲೇ ಕನ್ನಡ ಮಾತನಾಡುವ ಹಾಸನ, ಶಿವಮೊಗ್ಗ, ದಾವಣಗೆರೆಯ ಮಕ್ಕಳು. ವಯಸ್ಸೋ ಆರರಿಂದ ಹದಿಮೂರು. ಶಾಲೆಯಲ್ಲಿ ಎಲ್ಲರಿಗೂ ಇಂಗ್ಲಿಷ್, ಜೊತೆಗೆ ಹಿಂದಿ, ಅರಬ್ಬಿ. ಇವರೆಲ್ಲರಿಗೂ ಒಂದೇ ಪುಸ್ತಕ ತೆರೆದು ಒಂದೇ ಪಾಠ ಮಾಡಿದರೆ ಅದು ಯಾರಿಗೆ ತಲುಪುತ್ತದೆ? ಅನುಭವದಿಂದ ಹೇಳುವುದಾದರೆ, ಈಗಾಗಲೇ ಕನ್ನಡ ಬರುವ ಇಬ್ಬರು ಮೂವರಿಗೆ. ಉಳಿದವರು ಎರಡನೇ ತಿಂಗಳಿಗೆ ಬರುವುದನ್ನು ನಿಲ್ಲಿಸುತ್ತಾರೆ. ಹೀಗೆ ಉತ್ಸಾಹದಿಂದ ಶುರುವಾಗಿ ರಂಜಾನ್ ಬರುವಷ್ಟರಲ್ಲಿ ಮುಚ್ಚಿಹೋದ ತರಗತಿಗಳ ಕಥೆ ಗಲ್ಫಿನ ಯಾವ ಊರಿಗೆ ಹೋದರೂ ಕೇಳಸಿಗುತ್ತದೆ.

ಇದು ಬರೀ ಭಾಷಾಭಿಮಾನದ ಪ್ರಶ್ನೆಯಾಗಿದ್ದರೆ ನವೆಂಬರ್ ಒಂದರಂದು ಒಂದು ಭಾಷಣ ಮಾಡಿ ಬಿಡಬಹುದಿತ್ತು. ಆದರೆ ಲೆಕ್ಕ ಬೇರೆಯೇ ಇದೆ. 2017ರ ಜುಲೈಯಿಂದ ಇಲ್ಲಿ ಕುಟುಂಬದ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು. ವರ್ಷಕ್ಕೆ ನೂರರಂತೆ ಏರಿ 2020ರ ಜುಲೈಗೆ ಅದು 400 ಆಯಿತು. ಹೆಂಡತಿ, ಮೂರು ಮಕ್ಕಳಿದ್ದರೆ ತಿಂಗಳಿಗೆ 1600, ವರ್ಷಕ್ಕೆ 19,200 ರಿಯಾಲ್. ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳುಹಿಸಿ ತಾವು ಮತ್ತೆ ಬ್ಯಾಚುಲರ್ ರೂಮು ಸೇರಿದರು. ಕೆಲಸ ಹೋಗಿ ಎಲ್ಲರೂ ಒಟ್ಟಿಗೆ ಹೊರಟವರೂ ಇದ್ದಾರೆ. ಊರಿಗೆ ಹೋದ ಮಗುವಿನ ಎದುರು ಮೊದಲು ನಿಲ್ಲುವುದು ಕನ್ನಡ. 2015ರ ಕನ್ನಡ ಭಾಷಾ ಕಲಿಕೆ ಕಾನೂನಿನ ನಂತರ ಕರ್ನಾಟಕದ ಶಾಲೆಗಳಲ್ಲಿ, ಸಿಬಿಎಸ್‌ಇ, ಐಸಿಎಸ್‌ಇ ಎನ್ನದೆ, ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಶಾಲೆಯವರು ಏನಾದರೂ ವಿನಾಯಿತಿ ಕೊಟ್ಟರೂ ಮಗು ಬಸ್ಸಿನ ಬೋರ್ಡು ಓದಬೇಕು, ಪಕ್ಕದ ಮನೆಯ ಹುಡುಗರ ಜೊತೆ ಆಡಬೇಕು. ಹತ್ತನೇ ವಯಸ್ಸಿಗೆ ಇಂಗ್ಲಿಷಿನಲ್ಲಿ ಪಟಪಟ ಮಾತನಾಡುವ ಮಗು ಒಂದನೇ ತರಗತಿಯ ಮಕ್ಕಳಂತೆ ಅಕ್ಷರ ಕೂಡಿಸುತ್ತಾ ಕುಳಿತಾಗ ಅದಕ್ಕಾಗುವ ನಾಚಿಕೆ ಇದೆಯಲ್ಲ, ಅದನ್ನು ಕಂಡವರಿಗೇ ಗೊತ್ತು.

ಆದ್ದರಿಂದ ವಾರಕ್ಕೆ ಸಿಗುವ ಒಂದೂವರೆ ಗಂಟೆಯನ್ನು ಹೇಗೆ ಬಳಸುವುದು ಎಂಬುದು ಯೋಚಿಸಬೇಕಾದ ವಿಷಯ. ವರ್ಷದಲ್ಲಿ ಪರೀಕ್ಷೆ, ರಜೆ, ಹಬ್ಬ ಕಳೆದರೆ ಮೂವತ್ತು ಶುಕ್ರವಾರ ಸಿಕ್ಕರೆ ಹೆಚ್ಚು. ಒಟ್ಟು 45 ಗಂಟೆ. ಊರಿನ ಶಾಲೆಯ ಮಗುವಿಗೆ ಎರಡು ತಿಂಗಳಲ್ಲಿ ಸಿಗುವ ಕನ್ನಡದಷ್ಟು ಹೊತ್ತು ಇಲ್ಲಿ ಇಡೀ ವರ್ಷಕ್ಕೆ.

ಹೆಗ್ಗಡದೇವನಕೋಟೆಯಿಂದ ಕಲಿತದ್ದು

ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುವ ತಾಪತ್ರಯ ನಮ್ಮದೊಂದೇ ಅಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಇದನ್ನು 1995ರಲ್ಲೇ ಎದುರಿಸಿದ್ದರು. ಕಾಡಂಚಿನ ತಾಲ್ಲೂಕು ಅದು. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು. ಜೇನುಕುರುಬರ ಹಾಡಿಗಳಿಂದ ಬರುವ ಮಕ್ಕಳ ಮನೆಮಾತು ಪುಸ್ತಕದ ಕನ್ನಡವಲ್ಲ. ಹೊಲದ ಕೆಲಸ, ಜಾತ್ರೆ, ಕಾಯಿಲೆ ಎಂದು ವಾರಗಟ್ಟಲೆ ಮಕ್ಕಳು ಬರುತ್ತಿರಲಿಲ್ಲ. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತಿತ್ತು, ಮಗು ಹಿಂದೆಯೇ ಉಳಿಯುತ್ತಿತ್ತು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವು ಸಿಕ್ಕಿತು. ಹಾಗೆ ಹುಟ್ಟಿದ್ದು ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ಹರಡಿತು. ನಮ್ಮಲ್ಲಿ ಕೆಲವರ ತಮ್ಮ ತಂಗಿಯರೇ ಅದರಲ್ಲಿ ಕಲಿತು ಬಂದಿರಬಹುದು.

ನಲಿ-ಕಲಿಯಲ್ಲಿ ಪಾಠಪುಸ್ತಕದ ಬದಲು ಕಲಿಕಾ ಏಣಿ ಎಂಬುದಿದೆ. ಕಲಿಯಬೇಕಾದದ್ದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಕೆಲವು ಮೆಟ್ಟಿಲುಗಳಿಗೆ ಒಂದು ಮೈಲಿಗಲ್ಲು ಎಂದು ಗುರುತಿಸಿದ್ದಾರೆ. ಪ್ರತಿ ಮೆಟ್ಟಿಲಿಗೂ ಕಾರ್ಡು, ಕಾರ್ಡಿನ ಮೇಲೆ ಪ್ರಾಣಿ ಪಕ್ಷಿಯ ಚಿತ್ರ. ಮಗು ತಾನು ಎಲ್ಲಿದ್ದೇನೆ ಎಂದು ಏಣಿ ನೋಡಿ ತಾನೇ ಕಾರ್ಡು ತೆಗೆದುಕೊಳ್ಳುತ್ತದೆ. ಕೂರುವುದು ಸಾಲಿನಲ್ಲಲ್ಲ, ಗುಂಪಿನಲ್ಲಿ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಅರ್ಧ, ಮತ್ತೊಂದು ಗುಂಪಿನಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಸ್ವಂತ ಕಲಿಕೆ. ಹದಿನೈದು ದಿನ ಬಾರದ ಮಗು ಮರಳಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ.

ಶುಕ್ರವಾರ ಬಿಟ್ಟು ಶುಕ್ರವಾರ ಬರುವ ಜಿದ್ದಾದ ಮಕ್ಕಳಿಗೆ ಇದಕ್ಕಿಂತ ಹೊಂದುವ ಅಂಗಿ ಬೇರೆ ಇಲ್ಲ. ಅಪ್ಪನಿಗೆ ಓವರ್‌ಟೈಮ್ ಬಂದರೆ ಮಗುವನ್ನು ಕರೆತರುವವರಿಲ್ಲ. ಉಮ್ರಾಕ್ಕೆ ಊರಿನಿಂದ ನೆಂಟರು ಬಂದರೆ ಎರಡು ವಾರ ಖೋತಾ.

ಅಕ್ಷರದ ಕ್ರಮವನ್ನೂ ಅಲ್ಲಿಂದಲೇ ಎರವಲು ತರಬಹುದು. ನಾವೆಲ್ಲ ಅ ಆ ಇ ಈ ಎಂದು ಶುರುಮಾಡಿ ಳ ತಲುಪುವವರೆಗೆ ರಾಗವಾಗಿ ಹೇಳಿ ಕಲಿತವರು. ವರ್ಣಮಾಲೆಯ 49 ಅಕ್ಷರ ಮುಗಿಯುವವರೆಗೆ ಒಂದು ಪದವನ್ನೂ ಓದಿರಲಿಲ್ಲ. ದಿನವೂ ಶಾಲೆ ಇದ್ದ ನಮಗೆ ಅದು ನಡೆಯಿತು. ವಾರಕ್ಕೊಮ್ಮೆ ಬರುವ ಮಗು ವಾರಕ್ಕೆರಡು ಅಕ್ಷರದಂತೆ ಕಲಿತರೆ ಮೊದಲ ಪದ ಓದುವಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ. ನಲಿ-ಕಲಿಯವರು ರ, ಗ, ಸ, ದ, ಅ ಎಂದು ಶುರುಮಾಡುತ್ತಾರೆ. ಈ ಐದು ಬಂದರೆ ಸಾಕು, ಅದೇ ದಿನ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದುತ್ತದೆ. ಕೊಂಬು ದೀರ್ಘ ಯಾವುದರ ಕಾಟವೂ ಇಲ್ಲ. ಮುಂದಿನ ಗುಂಪು ಜ, ವ, ಮ, ಬ, ನ. ಆಗ ಜನ, ಮರ, ನಗರ ಬಂದವು. ನಮ್ಮ ಮಕ್ಕಳಿಗೆ ಇನ್ನೂ ಎರಡು ಪದ ಪುಕ್ಕಟೆ ಸಿಗುತ್ತವೆ: ಅರಬ, ಮದರಸ. ತಾನು ದಿನವೂ ಹೋಗುವ ಮದರಸವನ್ನು ಕನ್ನಡದಲ್ಲಿ ಓದಿದ ಏಳು ವರ್ಷದ ಮಗುವಿನ ಮುಖವನ್ನು ನೋಡಬೇಕು.

ಆದರೂ ಕೆಲವು ತಂದೆತಾಯಿಗೆ ಸಮಾಧಾನವಿಲ್ಲ. "ಮಾಸ್ಟ್ರೇ, ಮೂರು ತಿಂಗಳಾಯಿತು, ಮಗನಿಗೆ ಇನ್ನೂ ಅಆಇಈ ಬಾಯಿಪಾಠ ಬರುವುದಿಲ್ಲವಲ್ಲ" ಎಂದು ಒಬ್ಬರು ಫೋನು ಮಾಡಿದರು. ಮಗನ ಕೈಗೆ ಒಂದು ಕನ್ನಡ ಮದುವೆ ಕಾಗದ ಕೊಟ್ಟು ನೋಡಿ ಎಂದೆ. ಅರ್ಧ ಪದಗಳನ್ನು ಅವನು ಓದಿದ. ಬಾಯಿಪಾಠ ಬೇಡವೆಂದಲ್ಲ, ನಿಘಂಟು ನೋಡಲು ಅದು ಬೇಕೇ ಬೇಕು. ಓದು ಬಂದ ಮೇಲೆ ಅದನ್ನು ಎರಡು ವಾರದಲ್ಲಿ ಕಲಿಸಬಹುದು.

ತಪ್ಪಿನ ಹಿಂದೆ ಮನೆಮಾತು

ಪಾಠ ಯೋಜನೆ ಎಂದರೆ ಪುಸ್ತಕದ ಪುಟ ಸಂಖ್ಯೆ ಬರೆದಿಡುವುದು ಎಂದು ತಿಳಿದವರಿದ್ದಾರೆ. ಮೊದಲು ತಿಳಿಯಬೇಕಾದದ್ದು ಮಗುವನ್ನು. ಹೊಸ ಮಗು ಬಂದ ದಿನ ಅದರ ಜೊತೆ ಹತ್ತು ನಿಮಿಷ ಕೂತು ಮಾತನಾಡಿ. ಮನೆಯಲ್ಲಿ ಅಮ್ಮನ ಜೊತೆ ಯಾವ ಮಾತು, ಅಜ್ಜಿಯ ಜೊತೆ ಫೋನಿನಲ್ಲಿ ಯಾವ ಮಾತು, ಊರಿಗೆ ಹೋದಾಗ ಅರ್ಥವಾಗುತ್ತದೆಯೇ, ಹಿಂದಿ ಓದುತ್ತದೆಯೇ. ನಾಲ್ಕು ಚಿತ್ರ ತೋರಿಸಿ ಹೆಸರು ಕೇಳಿ, ಐದು ಪದ ಓದಿಸಿ. ಇದು ಪರೀಕ್ಷೆಯಲ್ಲ, ಅಂಕ ಕೊಡಬೇಡಿ. ಈ ಹತ್ತು ನಿಮಿಷ ಮುಂದಿನ ಮೂರು ತಿಂಗಳ ದಾರಿ ಹೇಳುತ್ತದೆ.

ಮಕ್ಕಳ ನೋಟುಬುಕ್ಕಿನ ತಪ್ಪುಗಳನ್ನು ಒಮ್ಮೆ ಮನೆಮಾತಿನ ಪ್ರಕಾರ ವಿಂಗಡಿಸಿ ನೋಡಿ, ಸ್ವಾರಸ್ಯ ಕಾಣುತ್ತದೆ. ಬ್ಯಾರಿ ಮಾತನಾಡುವ ಮಗು ಮಳೆಯನ್ನು "ಮಲೆ" ಎಂದೂ ಮಣ್ಣನ್ನು "ಮನ್ನು" ಎಂದೂ ಬರೆಯುತ್ತದೆ. ಟೀಚರು ಕೆಂಪು ಗೆರೆ ಎಳೆದು ಹತ್ತು ಸಲ ಬರೆ ಎನ್ನುತ್ತಾರೆ. ಮಗು ಬರೆಯುತ್ತದೆ, ಮುಂದಿನ ವಾರ ಮತ್ತೆ "ಮಲೆ". ಕಾರಣ ಅಸಡ್ಡೆಯಲ್ಲ. ಡಾ. ಸುಶೀಲಾ ಉಪಾಧ್ಯಾಯರಂಥ ವಿದ್ವಾಂಸರು ಅಧ್ಯಯನ ಮಾಡಿದ ಈ ಭಾಷೆಯಲ್ಲಿ ಲ-ಳ, ನ-ಣ ಎಂಬ ಭೇದವೇ ಇಲ್ಲ. ಮನೆಯಲ್ಲಿ ಎಂದೂ ಕೇಳದ ವ್ಯತ್ಯಾಸ ಮಗುವಿನ ಕಿವಿಗೆ ಬೀಳುವುದಿಲ್ಲ. ಕಿವಿಗೆ ಬೀಳದ್ದನ್ನು ಕೈ ಬರೆಯುವುದು ಹೇಗೆ?

ಉರ್ದು, ಹಿಂದಿಯ ಹಿನ್ನೆಲೆಯಿಂದ ಬಂದ ಮಗುವಿಗೆ ಳ-ಣ ಅಷ್ಟೇ ಕಷ್ಟ. ಅದರ ಮೇಲೆ ಎ-ಏ, ಒ-ಓ ಕೂಡ ಒಂದೇ ಆಗಿ ಕೇಳುತ್ತದೆ. ಹಿಂದಿ-ಉರ್ದುವಿನಲ್ಲಿ ಈ ಹ್ರಸ್ವ ದೀರ್ಘಗಳನ್ನು ಅರ್ಥಕ್ಕಾಗಿ ಬೇರೆ ಮಾಡುವ ಪದ್ಧತಿ ಇಲ್ಲ. ಹಾಗಾಗಿ "ಪೆನ್ಸಿಲ್ ಕೊಡು" ಎಂಬುದು "ಪೆನ್ಸಿಲ್ ಕೋಡು" ಆಗುತ್ತದೆ. ಅಜ್ಜನ ಜೊತೆ ಕೆರೆಗೆ ಹೋದೆ ಎಂದು ಬರೆಯಬೇಕಾದಲ್ಲಿ ಒಬ್ಬ ಹುಡುಗ "ಕೇರೆಗೆ ಹೋದೆ" ಎಂದು ಬರೆದಿದ್ದ. ಕೇರೆ ಹಾವಿನ ಚಿತ್ರ ತೋರಿಸಿದ ಮೇಲೆ ಆ ಪದವನ್ನು ಅವನು ಮರೆಯಲಿಲ್ಲ. ಇನ್ನು "ಬಸ್ ಬಂದಳು, ರೈಲು ಹೋದಳು" ಎಂಬುದಂತೂ ದಿನನಿತ್ಯದ್ದು. ನಿರ್ಜೀವ ವಸ್ತುವಿಗೂ ಗಂಡು ಹೆಣ್ಣು ಎಂಬ ಲಿಂಗ ಹಚ್ಚುವ ಭಾಷೆಯಿಂದ ಬಂದ ಮಗುವಿಗೆ ನಮ್ಮ ನಪುಂಸಕ ಲಿಂಗ ಹೊಸದು. ನಗುವುದು ಬೇಡ, "ಬಂತು, ಹೋಯಿತು" ಎಂದು ಆಟವಾಡಿಸಿ.

ಅದೇ ಮಗು ಮಹಾಪ್ರಾಣದಲ್ಲಿ ಎಲ್ಲರಿಗಿಂತ ಮುಂದೆ. ಖಾರ, ಧನ, ಭಾರ, ಘಂಟೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಕರಾವಳಿಯ ಮಕ್ಕಳು ಅಲ್ಲಿ ಎಡವುತ್ತಾರೆ. ಮನೆಯಲ್ಲೇ ಕನ್ನಡ ಮಾತನಾಡುವ ಮಗುವಿನ ಕಷ್ಟ ಬೇರೆ ತರಹ. ಮಾತು ಸರಾಗ, ಓದು ಶೂನ್ಯ, "ನನಗೆ ಕನ್ನಡ ಬರುತ್ತದಲ್ಲ" ಎಂಬ ಧೈರ್ಯ ಬೇರೆ. ಹಳೇ ಮೈಸೂರು ಕಡೆಯ ಮಗು ಹಾಲನ್ನು "ಆಲು" ಎಂದೇ ಬರೆಯುತ್ತದೆ. ಎಲ್ಲರಿಗೂ ತೊಡಕಾಗುವುದು ಅರ್ಕಾವತ್ತು. ಸೂರ್ಯ ಎನ್ನುವಾಗ ರಕಾರ ಮೊದಲು ಕೇಳುತ್ತದೆ, ಬರೆಯುವಾಗ ಕೊನೆಗೆ ಬರುತ್ತದೆ. ಇದಕ್ಕೊಂದು ಇಡೀ ಶುಕ್ರವಾರ ಮೀಸಲಿಡುವುದು ಒಳ್ಳೆಯದು.

ಮನೆಮಾತು ಅಡ್ಡಿ ಮಾತ್ರವಲ್ಲ, ಸೇತುವೆಯೂ ಹೌದು. ತುಳುವಿನ ಮೀನ್, ಬ್ಯಾರಿಯ ಮೀನ್, ಕನ್ನಡದ ಮೀನು ಅಕ್ಕಪಕ್ಕ ಬರೆದರೆ ಮಗುವಿಗೆ ಅರ್ಧ ಭಯ ಹೋಗುತ್ತದೆ. ಅರಬ್ಬಿಯೂ ನೆರವಿಗೆ ಬರುತ್ತದೆ. ಶಾಲೆಯಲ್ಲಿ ಹೆಸರು ಕರೆದಾಗ "ಹಾದಿರ್" ಎನ್ನುವ ಮಗುವಿಗೆ ನಮ್ಮ ಹಾಜರಿ ಅದೇ ಪದ ಎಂದು ಹೇಳಿ ನೋಡಿ. ವಕೀಲ, ಕಾನೂನು, ಖಾಲಿ, ಜಿಲ್ಲೆ, ತಾಲ್ಲೂಕು, ಎಲ್ಲವೂ ಅರಬ್ಬಿಯಿಂದ ಪಾರ್ಸಿಯ ಮೂಲಕ ನಮ್ಮಲ್ಲಿಗೆ ಬಂದವು. ನಕ್ಷೆಯಲ್ಲಿ ರುಬ್ ಅಲ್ ಖಾಲಿ ಮರುಭೂಮಿ ತೋರಿಸಿ, ಖಾಲಿ ಡಬ್ಬಿ ಎಂದರೇನು ಎಂದು ಕೇಳಿದಾಗ ಕೋಣೆಯಲ್ಲಿ ಎದ್ದ ಗದ್ದಲ ಇನ್ನೂ ಕಿವಿಯಲ್ಲಿದೆ.

ಒಂದು ಶುಕ್ರವಾರದ ಪಾಠ

ಮಾತಿಗಿಂತ ಉದಾಹರಣೆ ಮೇಲು. ಲ-ಳ ಪಾಠವನ್ನೇ ತೆಗೆದುಕೊಳ್ಳುತ್ತೇನೆ. ಹನ್ನೆರಡು ಮಕ್ಕಳಿಗೆಂದು ಸಿದ್ಧಮಾಡಿದ್ದು.

ನೋಟುಬುಕ್ಕಿನಲ್ಲಿ ಮೊದಲು ಒಂದೇ ಒಂದು ವಾಕ್ಯ ಬರೆದುಕೊಂಡೆ: "ಇಂದು ಮನೆಗೆ ಹೋಗುವಾಗ ಪ್ರತಿ ಮಗುವೂ ಲ ಮತ್ತು ಳ ಕೇಳಿದರೆ ಯಾವುದು ಯಾವುದೆಂದು ಹೇಳಬೇಕು." ಬರೆಯಬೇಕು ಎಂದಲ್ಲ, ಹೇಳಬೇಕು ಎಂದಷ್ಟೇ. ಊರಿನಲ್ಲಿ ಇದನ್ನು ಕಲಿಕಾ ಫಲ ಎನ್ನುತ್ತಾರೆ. ಹೆಸರು ಏನಾದರೂ ಇರಲಿ, ಆ ವಾಕ್ಯದಲ್ಲಿ ಮಗು ಏನು ಮಾಡುತ್ತದೆ ಎಂದಿರಬೇಕು, ಟೀಚರು ಏನು ಮಾಡುತ್ತಾರೆ ಎಂದಲ್ಲ. "ಲ-ಳ ಪಾಠ ಮಾಡುವುದು" ಎಂದು ಬರೆದರೆ ಪಾಠ ಮಾಡಿದ ಕೂಡಲೇ ಅದು ಮುಗಿದಂತೆ, ಮಗುವಿಗೆ ಬಂದಿತೋ ಇಲ್ಲವೋ ಕೇಳುವವರಿಲ್ಲ.

ಮೊದಲ ಕಾಲು ಗಂಟೆ ಪುಸ್ತಕವಿಲ್ಲ. ಗೋಡೆಯ ಒಂದು ಕಡೆ ಹುಲಿಯ ಚಿತ್ರ, ಇನ್ನೊಂದು ಕಡೆ ಹುಣಸೆ ಹುಳಿಯ ಚಿತ್ರ. ಬಾಯಿಗೆ ಪುಸ್ತಕ ಅಡ್ಡ ಹಿಡಿದು ಹುಲಿ ಅಥವಾ ಹುಳಿ ಎನ್ನುವುದು, ಮಕ್ಕಳು ಆ ಗೋಡೆಗೆ ಓಡುವುದು. ಬಾಯಿ ಮುಚ್ಚಿಕೊಳ್ಳುವುದು ಏಕೆಂದರೆ ಮಕ್ಕಳು ತುಟಿ ನೋಡಿ ಊಹಿಸುತ್ತಾರೆ. ಆಮೇಲೆ ಬೆಲೆ-ಬೆಳೆ, ಹಲ್ಲಿ-ಹಳ್ಳಿ. ನಂತರ ನಾಲಿಗೆಯ ಪಾಠ: ಲ ಎನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ, ಳ ಎನ್ನುವಾಗ ನಾಲಿಗೆ ಹಿಂದಕ್ಕೆ ಮಡಚಿ ಬಾಯಿಯ ಅಂಗಳಕ್ಕೆ. ಅಂಗಳ ಎಂಬ ಪದದಲ್ಲೇ ಳ ಇದೆ, ನೋಡಿ.

ಅಲ್ಲಿಂದ ನಲವತ್ತು ನಿಮಿಷ ಮೂರು ಗುಂಪು. ಅಕ್ಷರವೇ ಬಾರದ ನಾಲ್ವರು ನನ್ನ ಎದುರು ಕೂತು ಚಿತ್ರದ ಕಾರ್ಡುಗಳನ್ನು ಎರಡು ರಾಶಿ ಮಾಡಿದರು. ಮಳೆ, ಬಾಳೆ, ಕೋಳಿ ಒಂದು ಕಡೆ, ಇಲಿ, ಹಾಲು, ಕಾಲು ಇನ್ನೊಂದು ಕಡೆ. ಅಕ್ಷರ ಕೂಡಿಸುವ ಐವರಿಗೆ ಜೋಡಿಗಳು: ಉರ್ದು ಮನೆಯ ಮಗುವಿನ ಪಕ್ಕ ಕನ್ನಡ ಮನೆಯ ಮಗು, ಒಬ್ಬರು ಓದುವುದು, ಇನ್ನೊಬ್ಬರು ಬರೆಯುವುದು. ಓದಲು ಬರುವ ಮೂವರು ದೊಡ್ಡ ಮಕ್ಕಳಿಗೆ ಬಕಾಲಾದ ಆಟ ಸಿದ್ಧಮಾಡುವ ಕೆಲಸ. ಅಂಗಡಿಯ ಸಾಮಾನಿನ ಪಟ್ಟಿ ಕನ್ನಡದಲ್ಲಿ: ಬೇಳೆ, ಈರುಳ್ಳಿ, ಬೆಳ್ಳುಳ್ಳಿ, ಮೊಳಕೆ ಹೆಸರುಕಾಳು, ಖುಬ್ಬೂಸ್. ಪಟ್ಟಿಯ ಮುಂದೆ ರಿಯಾಲಿನಲ್ಲಿ ಬೆಲೆ. ಕೊನೆಗೆ ಎಲ್ಲರೂ ಸೇರಿ ಕೊಳ್ಳುವ ಮಾರುವ ಆಟ. "ಬೇಳೆಯ ಬೆಲೆ ಎಷ್ಟು?" ಎಂಬ ವಾಕ್ಯ ತಪ್ಪಿಲ್ಲದೆ ಹೇಳಿದವರಿಗೆ ಮಾತ್ರ ಸಾಮಾನು. ಆ ಒಂದು ವಾಕ್ಯ ಹೇಳಲು ಹುಡುಗರು ಪಟ್ಟ ಪಾಡು!

ಕೊನೆಯ ಹತ್ತು ನಿಮಿಷ ಯಾವ ಕಾರಣಕ್ಕೂ ಬಿಡಬಾರದ್ದು. ಒಬ್ಬೊಬ್ಬರನ್ನೇ ಬಾಗಿಲ ಬಳಿ ಕರೆದು ಮೂರು ಪದ ಹೇಳುವುದು. ಲ ಆದರೆ ಒಂದು ಬೆರಳು, ಳ ಆದರೆ ಎರಡು ಬೆರಳು. ಮೂರೂ ಸರಿ ಇದ್ದರೆ ಹೆಸರಿನ ಮುಂದೆ ಸರಿ ಗುರುತು, ಎರಡು ಇದ್ದರೆ ಅರ್ಧ ಗೆರೆ, ಅದಕ್ಕಿಂತ ಕಡಿಮೆ ಇದ್ದರೆ ಚುಕ್ಕೆ. ಮಗುವಿಗೆ ತೋರಿಸುವುದಿಲ್ಲ. ಆ ದಿನ ಏಳು ಸರಿ ಗುರುತು, ಎರಡು ಅರ್ಧ ಗೆರೆ, ಮೂರು ಚುಕ್ಕೆ. ಚುಕ್ಕೆ ಬಂದ ಮೂವರೂ ಬ್ಯಾರಿ ಮನೆಯವರು. ಹಾಗಾಗಿ ಮುಂದಿನ ವಾರ ಆ ಮೂವರಿಗೆ ಮೊದಲ ಹತ್ತು ನಿಮಿಷ ಮತ್ತೆ ಓಟದ ಆಟ, ಉಳಿದವರಿಗೆ ಅಂಗಡಿ ಪಟ್ಟಿ ಬರೆಯುವ ಕೆಲಸ. ಮುಂದಿನ ಪಾಠದ ಯೋಜನೆ ತಾನಾಗಿಯೇ ಅರ್ಧ ತಯಾರಾಯಿತು.

ಮೌಲ್ಯಮಾಪನ ಎಂಬ ದೊಡ್ಡ ಪದದ ಒಳಗೆ ಇರುವುದು ಇಷ್ಟೇ. ಊರಿನ ಶಾಲೆಗಳಲ್ಲಿ ರೂಪಣಾತ್ಮಕ, ಸಂಕಲನಾತ್ಮಕ ಎಂದು ಎರಡು ಬಗೆ ಹೇಳುತ್ತಾರೆ. ಎಫ್‌ಎ, ಎಸ್‌ಎ ಎಂದು ಮಕ್ಕಳ ಬಾಯಲ್ಲೂ ಇದೆ. ಅನ್ನ ಬೇಯುವಾಗ ಅಗುಳು ಹಿಸುಕಿ ನೋಡುವುದು ಮೊದಲನೆಯದು, ಬಡಿಸಿದ ಮೇಲೆ ಉಂಡು ಹೇಳುವುದು ಎರಡನೆಯದು. ವಾರಕ್ಕೊಂದು ತರಗತಿ ನಡೆಸುವ ನಮಗೆ ಎರಡನೆಯದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಉಂಡ ಮೇಲೆ ಅನ್ನ ಬೆಂದಿಲ್ಲ ಎಂದು ಗೊತ್ತಾದರೆ ಒಲೆ ಆರಿರುತ್ತದೆ.

ಪಾಠ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಹನ್ನೆರಡರಲ್ಲಿ ಎಂಟು ಮಕ್ಕಳಿಗೆ ಚುಕ್ಕೆ ಬಂದರೆ ತಪ್ಪು ಮಕ್ಕಳದ್ದಲ್ಲ, ಪಾಠದ್ದು. ಉದ್ದೇಶ ದೊಡ್ಡದಾಯಿತೇ, ನಡುವೆ ಒಂದು ಮೆಟ್ಟಿಲು ತಪ್ಪಿತೇ, ಟೀಚರೇ ಹೆಚ್ಚು ಹೊತ್ತು ಮಾತನಾಡಿದರೇ? ನಮ್ಮಲ್ಲಿ ಇಬ್ಬರು ಕಲಿಸುವವರಿದ್ದರೆ ಒಬ್ಬರು ಪಾಠ ಮಾಡಲಿ, ಇನ್ನೊಬ್ಬರು ಹಿಂದೆ ಕೂತು ಯಾವ ಮಗು ಎಷ್ಟು ಸಲ ಬಾಯಿ ತೆರೆಯಿತು ಎಂದು ಗೆರೆ ಹಾಕಲಿ. ಮಾತಿನ ಮಲ್ಲರು ಮೂವರೇ ಇಡೀ ಗಂಟೆಯನ್ನು ನುಂಗಿರುತ್ತಾರೆ. ಮೂಲೆಯ ಹುಡುಗಿಯ ಹೆಸರಿನ ಮುಂದೆ ಒಂದು ಗೆರೆಯೂ ಇರುವುದಿಲ್ಲ.

ರಾಜ್ಯೋತ್ಸವದ ವೇದಿಕೆಯ ಬಗ್ಗೆ ಒಂದು ಮಾತು. ಎರಡು ತಿಂಗಳು ತರಗತಿ ನಿಲ್ಲಿಸಿ ಹಾಡು, ನೃತ್ಯ ಅಭ್ಯಾಸ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಅರ್ಥ ತಿಳಿಯದೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುವ ಹಾಡಿಗೆ ಚಪ್ಪಾಳೆ ಸಿಗುತ್ತದೆ, ಕನ್ನಡ ಸಿಗುವುದಿಲ್ಲ. ಅದೇ ಮಕ್ಕಳು ತಾವೇ ಬರೆದ ನಾಲ್ಕು ವಾಕ್ಯ ವೇದಿಕೆಯಲ್ಲಿ ಓದಲಿ. ತಡವರಿಸಿದರೂ ಪರವಾಗಿಲ್ಲ.

ದುಬೈಯಲ್ಲಿ ಕನ್ನಡ ಮಿತ್ರರು 2014ರಿಂದ ಕನ್ನಡ ಪಾಠಶಾಲೆಯನ್ನು ಉಚಿತವಾಗಿ ನಡೆಸಿಕೊಂಡು ಬರುತ್ತಿದ್ದಾರೆ. ವಾರಾಂತ್ಯದ ತರಗತಿಯನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಹೋಗಬಹುದು ಎಂಬುದಕ್ಕೆ ಗಲ್ಫಿನಲ್ಲೇ ಇರುವ ಸಾಕ್ಷಿ ಅದು. ಎದುರಿನ ಉದಾಹರಣೆ ಬೇಕಾದರೆ ಕಾಸರಗೋಡು. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡವೇ ಬಾರದ ಶಿಕ್ಷಕರನ್ನು ನೇಮಿಸಿದ್ದರ ವಿರುದ್ಧ ಮಕ್ಕಳು, ಪೋಷಕರು ಮತ್ತೆ ಮತ್ತೆ ಬೀದಿಗಿಳಿಯಬೇಕಾಯಿತು. ಅರ್ಹತೆ, ಪದವಿ ಎಲ್ಲ ಇದ್ದರೂ ಮಗುವಿನ ಮಾತು ತಿಳಿಯದವರು ಎದುರು ನಿಂತರೆ ತರಗತಿ ನಡೆಯುವುದು ಹೇಗೆ? ಬಿ.ಇಡಿ. ಇಲ್ಲದ ನಮ್ಮ ತಾಯಂದಿರು ಧೈರ್ಯ ತಂದುಕೊಳ್ಳಬೇಕಾದದ್ದು ಇಲ್ಲೇ. ಮಕ್ಕಳ ಮನೆಮಾತು ಅವರಿಗೆ ಗೊತ್ತು.

ಸಂಸಾರ ಊರಿನಲ್ಲಿರುವವರಿಗೆ

ಈ ಸಂಚಿಕೆ ಓದುವ ಬಹಳ ಮಂದಿಯ ಮಕ್ಕಳು ಇಲ್ಲಿಲ್ಲ, ಊರಿನಲ್ಲಿದ್ದಾರೆ. ರಾತ್ರಿ ಕೆಲಸ ಮುಗಿಸಿ ರೂಮಿಗೆ ಬಂದು ವಿಡಿಯೋ ಕರೆ ಮಾಡಿದಾಗ ಕೇಳುವುದು ಒಂದೇ ಪ್ರಶ್ನೆ: "ಶಾಲೆಗೆ ಹೋದಿಯಾ, ಚೆನ್ನಾಗಿ ಓದುತ್ತಿದ್ದೀಯಾ?" ಮಗು "ಹೂಂ" ಎನ್ನುತ್ತದೆ, ಫೋನು ಅಮ್ಮನ ಕೈಗೆ ಹೋಗುತ್ತದೆ. ಬದಲಿಗೆ "ಇವತ್ತು ಮಾಡಿದ ಪಾಠ ನನಗೆ ಹೇಳಿಕೊಡು" ಎಂದು ಕೇಳಿ. ಊರಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ. ಇಲ್ಲಿ ಸಂಜೆ ಐದೂವರೆ ಎಂದರೆ ಅಲ್ಲಿ ರಾತ್ರಿ ಎಂಟು, ಮಗು ಎಚ್ಚರವಿರುವ ಹೊತ್ತು. ಹತ್ತು ನಿಮಿಷ ಸಾಕು. ಮಗು ಪುಸ್ತಕದ ಒಂದು ಪುಟ ಓದಲಿ, ನೀವು ಕೇಳಿ. ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ, ನಡುವೆ ತಿದ್ದಬೇಡಿ. ಮುಗಿದ ಮೇಲೆ ನಿಂತ ಪದವನ್ನಷ್ಟೇ ಕೇಳಿ. ವಾರಕ್ಕೆ ಮೂರು ಸಲ ಹೀಗೆ ಮಾಡಿದರೆ ಟ್ಯೂಷನ್ ಟೀಚರಿಗಿಂತ ಹೆಚ್ಚು ನಿಮಗೆ ಗೊತ್ತಿರುತ್ತದೆ. ಎಂಟು ಒಂಬತ್ತನೇ ತರಗತಿಗೆ ಇಲ್ಲಿಂದ ಹೋಗಿ ಸೇರಿದ ಮಕ್ಕಳಿಗಂತೂ ಇದು ತುರ್ತು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆ 125 ಅಂಕಗಳ ವಿಷಯ.

"ನಮಗೇ ಸರಿಯಾಗಿ ಕನ್ನಡ ಓದಲು ಬರುವುದಿಲ್ಲ, ಮಗುವಿಗೆ ಏನು ಹೇಳುವುದು ಅಣ್ಣಾ" ಎಂದು ಒಬ್ಬ ಚಾಲಕ ಮಿತ್ರರು ಸಂಕೋಚದಿಂದ ಕೇಳಿದರು. ಐದನೇ ತರಗತಿಗೆ ಶಾಲೆ ಬಿಟ್ಟವರು ಅವರು. ಮಗಳ ಪುಸ್ತಕವನ್ನೇ ಮೊಬೈಲಿಗೆ ಹಾಕಿಸಿಕೊಂಡು ಈಗ ಇಬ್ಬರೂ ಒಟ್ಟಿಗೆ ಓದುತ್ತಿದ್ದಾರೆ. ಮಗಳೇ ಟೀಚರು. ಅಪ್ಪನಿಗೆ ಹೇಳಿಕೊಡಬೇಕೆಂದು ಅವಳು ಪಾಠವನ್ನು ಮೊದಲೇ ಓದಿಟ್ಟುಕೊಳ್ಳುತ್ತಾಳಂತೆ.

ಪುಸ್ತಕಕ್ಕೆ ಹಣ ಖರ್ಚಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದವರು ಎಲ್ಲ ತರಗತಿಗಳ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಹಾಕಿದ್ದಾರೆ. ಅದನ್ನು ಆರಂಭದಿಂದ ಕೊನೆಯವರೆಗೆ ಮುಗಿಸಬೇಕೆಂಬ ಹಟ ಬೇಡ, ನಮ್ಮ ಏಣಿಗೆ ಬೇಕಾದ ಪುಟಗಳನ್ನು ಆರಿಸಿಕೊಂಡರಾಯಿತು. ಆದರೆ ಮಕ್ಕಳಿಗೆ ಪುಸ್ತಕಕ್ಕಿಂತ ರುಚಿಸುವುದು ಊರಿನ ಕಾಗದ. ಹೀಗಾಗಿ ಈ ಸಲ ರಜೆಗೆ ಹೋಗುವವರಲ್ಲಿ ಒಂದು ಬೇಡಿಕೆ. ಹಿಂದಿರುಗುವಾಗ ಪೆಟ್ಟಿಗೆಯ ಮೂಲೆಯಲ್ಲಿ ಕನ್ನಡ ಅಚ್ಚಾಗಿರುವ ಏನಾದರೂ ಹಾಕಿಕೊಂಡು ಬನ್ನಿ: ಬಸ್ಸಿನ ಟಿಕೆಟು, ಮದುವೆ ಕಾಗದ, ಬಿಸ್ಕತ್ತಿನ ಹೊದಿಕೆ, ಯಕ್ಷಗಾನದ ಕರಪತ್ರ, ಹಳೆಯ ಪತ್ರಿಕೆ. ಕ್ಯಾಲೆಂಡರು ಸಿಕ್ಕರೆ ಇನ್ನೂ ಒಳ್ಳೆಯದು, ಕಳೆದ ವರ್ಷದ್ದಾದರೂ ನಡೆಯುತ್ತದೆ.